ಹತ್ತನೆಯ ಕುರ್ಚಿ

ನೀಲಗಂಗಮ್ಮನವರಿಗೆ ಓದಲು ಬರುತ್ತಿರಲಿಲ್ಲ. ನಮ್ಮೂರಿನ ಲೈಬ್ರರಿಯನ್ನು ಇಪ್ಪತ್ತೆಂಟು ವರ್ಷದಿಂದ ನೋಡಿಕೊಳ್ಳುತ್ತಿದ್ದವರು ಅವರೇ. ಮೊದಲು ಓದು ಬರುತ್ತಿತ್ತು; ನನಗೆ ಆರು ವರ್ಷವಾಗಿದ್ದಾಗ ಅದನ್ನು ನನಗೆ ಕೊಟ್ಟರು. ಕೊಡುವ ಮನಸ್ಸೇನೂ ಇರಲಿಲ್ಲವಂತೆ. ನಾನು ದಿನವೂ ಅವರ ಮೇಜಿನ ಪಕ್ಕ ನಿಂತು ಪುಸ್ತಕಗಳ ಬೆನ್ನ ಮೇಲೆ ಬೆರಳಿಟ್ಟು "ಇದೇನು, ಇದೇನು" ಎಂದು ಪ್ರಾಣ ತಿನ್ನುತ್ತಿದ್ದೆ. "ಕಾಟ ತಡೀಲಾರ್ದೆ ಕೊಟ್ಟೆ" ಎಂದು ಈಗಲೂ ಹೇಳುತ್ತಾರೆ. ಕೊಡಲು ಒಂದು ಮಳೆಗಾಲ ಪೂರ್ತಿ ಹಿಡಿಯಿತು. ಕೊನೆಯ ಅಕ್ಷರ ಕೊಟ್ಟ ಸಂಜೆ ಬಾಗಿಲಿಗೆ ಬೀಗ ಹಾಕಿ ಹೊರಗೆ ನಿಂತು, ತಮ್ಮದೇ ಲೈಬ್ರರಿಯ ಬೋರ್ಡನ್ನು ನೋಡಿ, "ಯಾರೋ ಚೆನ್ನಾಗಿ ಬಳ್ಳಿ ಬಿಡಿಸಿದ್ದಾರೆ" ಅಂದರಂತೆ.

ನಮ್ಮೂರಲ್ಲಿ ಕಲಿಸುವುದು ಎನ್ನುವುದಿಲ್ಲ, ಕೊಡುವುದು ಎನ್ನುತ್ತೇವೆ. ಕೊಟ್ಟ ಮೇಲೆ ಅದು ಕೊಟ್ಟವರ ಬಳಿ ಇರುವುದಿಲ್ಲ. ನನಗೆ ಸೈಕಲ್ ಕೊಟ್ಟದ್ದು ಅಪ್ಪ. ಅಂದಿನಿಂದ ಅವನು ಕ್ಯಾರಿಯರ್ ಮೇಲೆ ಕೂತು, ಎಲ್ಲೆಲ್ಲಿ ಬೆಲ್ ಹೊಡೆಯಬೇಕು ಎಂದು ಹಿಂದಿನಿಂದ ಹೇಳುತ್ತಾನೆ. ಇಡ್ಲಿ ಅಂಗಡಿಯ ದ್ಯಾವಕ್ಕ ಮಗಳ ಮದುವೆಯಲ್ಲಿ ಒಬ್ಬಟ್ಟು ಮಾಡುವುದನ್ನು ಕೊಟ್ಟಳು. ಈಗ ಪ್ರತಿ ಹಬ್ಬಕ್ಕೂ ಮಗಳ ಮನೆಗೆ ಹೋಗಿ, ಐದು ಒಬ್ಬಟ್ಟು ತಿಂದು, "ನನ್ನ ಒಬ್ಬಟ್ಟನ್ನ ಹಾಳು ಮಾಡ್ಬಿಟ್ಲು" ಎಂದು ಬೈದು ಬರುತ್ತಾಳೆ. ನನ್ನ ತರಗತಿಯಲ್ಲಿ ಏಳರ ಮಗ್ಗಿ ನನ್ನ ಪಾಲಿಗೆ ಬಂತು, ಎಂಟರದು ಕೊನೇ ಬೆಂಚಿನವಳಿಗೆ. ಸಾಮಾನು ತರಲು ಇಬ್ಬರೂ ಒಟ್ಟಿಗೇ ಅಂಗಡಿಗೆ ಹೋಗುತ್ತಿದ್ದೆವು. ಪಡೆದವರು ಕೊಟ್ಟವರಿಗೆ ಒಂದು ತೆಂಗಿನಕಾಯಿ, ಎಲೆ ಅಡಿಕೆ ಒಪ್ಪಿಸಬೇಕು. ಆಮೇಲೆ ಕರೆದಾಗಲೆಲ್ಲ ಬಂದು ಆ ಕೆಲಸ ಮಾಡಿಕೊಡಬೇಕು. ಸುದ್ದಿ ಹೇಳಿದರೆ, ಬೈದರೆ, ಸುಳ್ಳು ಹೇಳಿದರೆ ಏನೂ ಖರ್ಚಾಗುವುದಿಲ್ಲ. ಆದ್ದರಿಂದ ಊರಲ್ಲಿ ಆ ಮೂರಕ್ಕೂ ಬರವಿಲ್ಲ. ಗಡಿಕಲ್ಲಿನ ಆಚೆ ಹೋಗಿ ಕೊಟ್ಟು ಬರೋಣವೆಂದು ಕೆಲವರು ಉಪಾಯ ಮಾಡಿದ್ದುಂಟು. ವಾಪಸ್ ಊರೊಳಗೆ ಕಾಲಿಟ್ಟ ಗಳಿಗೆಗೆ ಕೊಟ್ಟದ್ದು ಹೋಗಿತ್ತು. ಒಮ್ಮೆ ಹೊರಗಿನಿಂದ ಹಾರ್ಮೋನಿಯಂ ಮೇಷ್ಟ್ರೊಬ್ಬರನ್ನು ಕರೆಸಿದ್ದರು. ಒಂದು ತಿಂಗಳಾದ ಮೇಲೆ ಅವರು ಪೆಟ್ಟಿಗೆಯನ್ನು ಇಲ್ಲೇ ಬಿಟ್ಟು ಬಸ್ಸು ಹತ್ತಿದರು.

ಹೀಗಾಗಿ ಸಂಜೆ ಐದಕ್ಕೆ ನಾನು ಲೈಬ್ರರಿಗೆ ಹೋಗಿ ನೀಲಗಂಗಮ್ಮನವರಿಗೆ ಕಾದಂಬರಿ ಓದಿ ಹೇಳಬೇಕು. ಏಳನೇ ವಯಸ್ಸಿನಿಂದ ಇದೇ ಕೆಲಸ. ಅವರು ಕಣ್ಣು ಮುಚ್ಚಿ, ಮೊಣಕೈಯನ್ನು ಮೇಜಿಗೆ ಊರಿ ಕೇಳುತ್ತಾರೆ. ಒಮ್ಮೆ ಕೇಳಿದ್ದನ್ನು ಮರೆಯುವುದಿಲ್ಲ. ಯಾವ ಪುಸ್ತಕದಲ್ಲಿ ಯಾರ ನಾದಿನಿಗೆ ಯಾವ ಬಣ್ಣದ ಸೀರೆ ಎಂದು ಎಷ್ಟು ವರ್ಷದ ಮೇಲೂ ಹೇಳಬಲ್ಲರು. ನಾನು ಪ್ರಾಮಾಣಿಕಳೇನೂ ಅಲ್ಲ. ಬೆಟ್ಟದ ವರ್ಣನೆ ಬಂದರೆ ಎರಡು ಪುಟ ಹಾರಿಸುತ್ತಿದ್ದೆ, ಪಾತ್ರಗಳು ಯೋಚನೆಗೆ ಕೂತರೆ ನಾಲ್ಕು. ಆಟಕ್ಕೆ ಹೊತ್ತಾದರೆ ಅಧ್ಯಾಯಕ್ಕೆ ಅಧ್ಯಾಯವೇ ಹೋಗುತ್ತಿತ್ತು. ಒಮ್ಮೊಮ್ಮೆ ಅವರು ಕಣ್ಣು ತೆರೆದು, "ಅಲ್ವೇ ಕಾತಿ, ಆ ದೊಡ್ಡಣ್ಣ ಎಲ್ಹೋದ? ಅವನ ಸುದ್ದೀನೇ ಇಲ್ಲ" ಎನ್ನುತ್ತಿದ್ದರು. "ಊರಿಗೆ ಹೋಗಿದ್ದಾನೆ, ಬರ್ತಾನೆ" ಎಂದು ನಾನು ಮುಂದೆ ಓದುತ್ತಿದ್ದೆ.

ಪುಸ್ತಕಗಳ ಕಥೆಯೂ ಮನುಷ್ಯರದೇ. ಓದಿ ಏನನ್ನಾದರೂ ಕಲಿತರೆ ಆ ಪುಟ ಖಾಲಿಯಾಗುತ್ತದೆ. ನಮ್ಮ ಲೈಬ್ರರಿಯಲ್ಲಿ ಕೋಳಿ ಸಾಕಣೆ, ಮೋಟಾರ್ ರಿಪೇರಿ, ಹೊಲಿಗೆ, ನಾಟಿ ಔಷಧಿಯ ಕಪಾಟುಗಳೆಲ್ಲ ಬಿಳಿ ಹಾಳೆ. ಕಾದಂಬರಿಗಳು ಮಾತ್ರ ಒಂದಕ್ಷರ ಬಿಡದೆ ಭದ್ರವಾಗಿವೆ. ಎಷ್ಟೋ ಜನ ಓದಿದ್ದಾರೆ, ಯಾರೂ ಏನೂ ಕಲಿತಿಲ್ಲ.

ಹದಿನೆಂಟಕ್ಕೆ ನಾನು ಡಿಪ್ಲೊಮಾ ಓದಲು ಗಡಿಕಲ್ಲು ದಾಟಿ ಹೋದೆ. ಅಲ್ಲಿನ ಮೇಷ್ಟ್ರೊಬ್ಬರು ಒಂದೇ ಪಾಠವನ್ನು ಮೂವತ್ತು ವರ್ಷದಿಂದ ಮಾಡುತ್ತಿದ್ದರು. ಮೊದಲ ವಾರ ಪಾಪ ಎನ್ನಿಸಿ ಅವರಿಗೆ ತೆಂಗಿನಕಾಯಿ ಒಯ್ದಿದ್ದೆ. ತರಗತಿ ವರ್ಷವಿಡೀ ನಕ್ಕಿತು. ನಾನು ಹಾಸ್ಟೆಲಿನ ಲೈಬ್ರರಿ ಸೇರಿಕೊಂಡೆ. ಅಲ್ಲಿ ಯಾರೂ ಮುಟ್ಟದ, ಇಟ್ಟಿಗೆಯಷ್ಟು ದಪ್ಪದ ಲಿನಕ್ಸ್ ಪುಸ್ತಕವೊಂದಿತ್ತು. ಲಿನಕ್ಸ್ ಎಂದರೆ ಕಂಪ್ಯೂಟರನ್ನು ಒಳಗಿನಿಂದ ನಡೆಸುವ ವ್ಯವಸ್ಥೆ. ಮೂರು ವರ್ಷದಲ್ಲಿ ಅದನ್ನು ಮೂರು ಸಲ ಓದಿದೆ, ಅದು ಖಾಲಿಯಾಗಲಿಲ್ಲ. ಪಕ್ಕದಲ್ಲಿದ್ದ ಹಳೇ ಕಂಪ್ಯೂಟರಿನ ಮೇಲೆ ಎಂಟು ಬೆರಳನ್ನೂ ಎರಡು ಹೆಬ್ಬೆರಳನ್ನೂ ಪಳಗಿಸಿದೆ. ಕೊನೆಗೆ ಕೀಬೋರ್ಡ್ ನೋಡದೆ, ಕಿಟಕಿಯಾಚೆ ಜಗಳವಾಡುವವರನ್ನು ನೋಡುತ್ತ ಟೈಪ್ ಮಾಡಬಲ್ಲವಳಾದೆ. ಊರಿಗೆ ಮರಳಿದಾಗ ನನ್ನ ಆಸ್ತಿಯೆಂದರೆ ಇವೆರಡೇ: ಲಿನಕ್ಸು, ಬೆರಳು. ಇವೆರಡನ್ನೂ ಯಾರಿಗೂ ಕೊಡಬಾರದೆಂದು ಬಸ್ಸಿನಲ್ಲೇ ತೀರ್ಮಾನಿಸಿದ್ದೆ.

ನಾನು ಬರುವ ಹೊತ್ತಿಗೆ ಲೈಬ್ರರಿಯಲ್ಲಿ ಹತ್ತು ಕಂಪ್ಯೂಟರ್ ಬಂದು ಕೂತಿದ್ದವು. ದೂರದ ಯಾವುದೋ ಆಫೀಸಿನವರು ಹೊಸದು ತಂದುಕೊಂಡು ಹಳೆಯದನ್ನು ದಾನ ಮಾಡಿದ್ದರು. ಸ್ವಿಚ್ ಹಾಕಿದರೆ, ಒಳಗಿನ ವ್ಯವಸ್ಥೆಯ ಅವಧಿ ಮುಗಿದಿದೆ, ನವೀಕರಿಸಿ ಎಂದು ತೋರಿಸಿ ಆರಿಹೋಗುತ್ತಿದ್ದವು. ಪಂಚಾಯ್ತಿ ಅಧ್ಯಕ್ಷ ಓಂಕಾರಪ್ಪನವರಿಗೆ ಆ ಕೋಣೆಯ ಮೇಲೆ ಮೊದಲಿನಿಂದ ಕಣ್ಣು. ಅವರದು ಶಾಮಿಯಾನ, ಕುರ್ಚಿ ಬಾಡಿಗೆಗೆ ಕೊಡುವ ವ್ಯವಹಾರ. "ಪುಸ್ತಕ ಖಾಲಿ, ಮಶೀನು ಕೆಟ್ಟಿದೆ, ಲೈಬ್ರರಿಯಮ್ಮನಿಗೆ ಓದೋಕೆ ಬರಲ್ಲ. ಇದು ಲೈಬ್ರರೀನಾ, ಛತ್ರಾನಾ?" ಎಂದು ಸಭೆಯಲ್ಲಿ ಕೇಳಿದರಂತೆ. ಕೊನೆಗೆ ನಲವತ್ತು ದಿನ ಗಡುವು ಕೊಟ್ಟರು. ಹತ್ತು ಕುರ್ಚಿಯಲ್ಲಿ ಊರಿನ ಹತ್ತು ಜನ ಕೂತು, ಯಾರ ಸಹಾಯವೂ ಇಲ್ಲದೆ ಮಶೀನು ನಡೆಸಿ ತೋರಿಸಬೇಕು. ಹತ್ತರಲ್ಲಿ ಒಬ್ಬರು ನೀಲಗಂಗಮ್ಮನವರೇ ಆಗಿರಬೇಕು. ಇಲ್ಲದಿದ್ದರೆ ಕೋಣೆ ಶಾಮಿಯಾನಕ್ಕೆ, ನೀಲಗಂಗಮ್ಮ ಮನೆಗೆ.

ಅವರು ನನ್ನನ್ನು ಕರೆಸಿ ಬೇಡಿಕೊಳ್ಳಲಿಲ್ಲ. "ಮೂರು ವರ್ಷ ನಂಗೆ ಯಾರೂ ಓದ್ಲಿಲ್ಲ. ಆ ಬಾಕಿಗೆ ಇದು ಮಾಡು" ಅಂದರು.

ನಾನು ಪೆನ್‌ಡ್ರೈವ್ ತಂದೆ. ಅದರಲ್ಲಿ ಲಿನಕ್ಸ್ ಇತ್ತು. ಸುದ್ದಿ ತಿಳಿದು ಅರ್ಧ ಊರು ಬಾಗಿಲಲ್ಲಿ ನಿಂತಿತು. ಇದಕ್ಕೆ ಯಾರಿಗೂ ಏನೂ ಕೊಡಬೇಕಿಲ್ಲ, ಯಾರು ಬೇಕಾದರೂ ತೆಗೆದುಕೊಳ್ಳಬಹುದು, ಬಿಚ್ಚಿ ನೋಡಬಹುದು, ಸರಿಮಾಡಿ ಮತ್ತೊಬ್ಬರಿಗೆ ಹಂಚಬಹುದು ಎಂದು ಹೇಳಿದೆ.

"ಬಿಟ್ಟಿ ಅಂದ್ರೆ ಏನೋ ಐಬಿರಬೇಕು" ಎಂದಳು ದ್ಯಾವಕ್ಕ.

"ಬರೆದೋರು ಯಾರು?" ಎಂದು ಕೇಳಿದ್ದು ಟೈಲರ್ ಖಾಸಿಮಣ್ಣ. ಕುತ್ತಿಗೆಯ ಮೇಲಿನ ಟೇಪನ್ನು ನಿದ್ದೆಯಲ್ಲೂ ತೆಗೆಯದ ಮನುಷ್ಯ.

"ಸಾವಿರಾರು ಜನ, ದೇಶ ದೇಶದಲ್ಲಿ."

"ಅಷ್ಟೂ ಜನಕ್ಕೂ ಈಗ ಮರ್ತು ಹೋಗಿರುತ್ತೆ, ಪಾಪ."

ಮೊದಲ ಮಶೀನಿಗೆ ಹಾಕಿ ಮುಗಿಸಿದಾಗ ನೀಲಗಂಗಮ್ಮ ಪೆನ್‌ಡ್ರೈವನ್ನು ಕಿತ್ತು ಅಂಗೈಯಲ್ಲಿಟ್ಟು ತೂಗಿದರು. ಮೊದಲಿಗಿಂತ ಹಗುರಾಗಿರಲಿಲ್ಲ. ಎರಡನೆಯದಕ್ಕೆ ಚುಚ್ಚಿದೆ, ಮೂರನೆಯದಕ್ಕೆ ಚುಚ್ಚಿದೆ. ಆರನೆಯದರ ಹೊತ್ತಿಗೆ ಬಾಗಿಲಲ್ಲಿ ಮಾತು ನಿಂತಿತು. ಹತ್ತಕ್ಕೂ ಹಾಕಿ, ಪೆನ್‌ಡ್ರೈವಿನಲ್ಲಿ ಇನ್ನೂ ಅಷ್ಟೇ ಇದೆಯೆಂದು ತೋರಿಸಿದಾಗ ಯಾರೋ ಕೈ ಮುಗಿದರು. ಮಾರನೇ ಬೆಳಿಗ್ಗೆ ಅದರ ಮುಂದೆ ಒಂದು ತೆಂಗಿನಕಾಯಿ ಇತ್ತು.

ಹಾಕುವುದು ಸುಲಭ, ಜನರನ್ನು ಕೂರಿಸುವುದು ಕಷ್ಟ. ಮೊದಲ ದಿನವೇ ನಾನು ಎಡವಿದೆ. ಮೂರು ವರ್ಷ ಹೊರಗಿದ್ದು ಊರಿನ ರೀತಿ ಮರೆತಿತ್ತು. ಒಂದು ಫೈಲನ್ನು ಇಲ್ಲಿಂದ ಅಲ್ಲಿಗೆ ನಕಲು ಮಾಡುವುದು ಹೇಗೆ ಎಂದು ಖಾಸಿಮಣ್ಣ ಕೇಳಿದರು, ನಾನು ಪಟಪಟನೆ ಹೇಳಿಬಿಟ್ಟೆ. ಹಲ್ಲು ಕಿತ್ತಂತೆ ಅದು ನನ್ನಿಂದ ಹೋಯಿತು. ಮಧ್ಯಾಹ್ನ ನನಗೇ ಒಂದು ಫೈಲು ನಕಲು ಮಾಡಬೇಕಾಯಿತು. ಕೂತೆ, ಪರದೆ ನೋಡಿದೆ, ಅದು ನನ್ನನ್ನು ನೋಡಿತು. ಎದ್ದು ಅವರ ಅಂಗಡಿಗೆ ಹೋದೆ.

"ಖಾಸಿಮಣ್ಣ, ಸ್ವಲ್ಪ ಬರ್ತೀರಾ? ಒಂದು ಫೈಲ್ ನಕಲು ಮಾಡ್ಬೇಕಿತ್ತು."

"ಬಂದೆ ಕಾತಮ್ಮ, ಬಂದೆ" ಎಂದು ಅರ್ಧ ಹೊಲಿದ ಕುಪ್ಪಸವನ್ನು ಬಿಟ್ಟು, ದಾರಿಯಲ್ಲಿ ಸಿಕ್ಕವರಿಗೆಲ್ಲ "ಡಿಪ್ಲೊಮಾ ಓದಿರೋಳು ಕರೀತಾವ್ಳೆ" ಎನ್ನುತ್ತ ಬಂದರು.

ಮಾರನೇ ದಿನದಿಂದ ನಾನು ಕ್ರಮ ಬದಲಿಸಿದೆ. ಕೋಣೆಯ ಮೂಲೆಯಲ್ಲಿ ಒಂದು ಸ್ಟೂಲ್ ಹಾಕಿಕೊಂಡು, ಮಶೀನುಗಳಿಗೆ ಬೆನ್ನು ಮಾಡಿ ಕೂತೆ. ಯಾರು ಏನು ಕೇಳಿದರೂ ಒಂದೇ ಉತ್ತರ: "ಅದರಲ್ಲೇ ಬರೆದಿದೆ, ಓದ್ಕೊಳಿ." ಲಿನಕ್ಸಿನೊಳಗೆ ಸಹಾಯ ಪುಟಗಳಿವೆ. ಯಾರೋ ಪುಣ್ಯಾತ್ಮರು ಅವನ್ನು ಕನ್ನಡಕ್ಕೂ ತಂದಿದ್ದರು. ಭಾಷೆ ಸ್ವಲ್ಪ ಇಸ್ತ್ರಿ ಹಾಕಿದಂತಿತ್ತು, ಆದರೆ ಇತ್ತು. ಹತ್ತು ಮಶೀನಿಗೆ ಹತ್ತು ಪ್ರತಿ. ಓದಿ ಖಾಲಿ ಮಾಡಿದರೆ ಪೆನ್‌ಡ್ರೈವಿನಿಂದ ಮತ್ತೆ ಹಾಕಿದರಾಯಿತು ಎನ್ನುವುದು ನನ್ನ ಯೋಚನೆ. ನನ್ನ ಗಂಟು ಕರಗುವುದಿಲ್ಲ. ಊರು ನನ್ನನ್ನು ಜಿಪುಣಿ ಎಂದು ಕರೆಯತೊಡಗಿತು. ದ್ಯಾವಕ್ಕ ಇನ್ನೂ ಮುಂದೆ ಹೋಗಿ, "ಸಾಯೋವಾಗ ಜೊತೆಗೆ ಹೊತ್ಕೊಂಡ್ ಹೋಗ್ತೀಯಾ ಮಗಾ?" ಎಂದಳು. ಹೌದು ಎಂದೆ.

ಮೊದಲ ವಾರವೇ ಪಾಸ್‌ವರ್ಡಿನ ಗಲಾಟೆ. ಹೊಸದೇನಾದರೂ ಮಶೀನಿಗೆ ಸೇರಿಸುವಾಗ ಲಿನಕ್ಸ್ ಪಾಸ್‌ವರ್ಡ್ ಕೇಳುತ್ತದೆ. ಬರೆಯುತ್ತಿದ್ದರೆ ಪರದೆಯ ಮೇಲೆ ಅಕ್ಷರವಿರಲಿ, ಚುಕ್ಕಿ ಕೂಡ ಮೂಡುವುದಿಲ್ಲ. ಖಾಸಿಮಣ್ಣ ಬರೆದರು, ಏನೂ ಕಾಣಲಿಲ್ಲ. ಮತ್ತೆ ಬರೆದರು. ಆಮೇಲೆ ಬೆವೆತು ಎದ್ದು ನಿಂತರು.

"ಹೋಯ್ತು! ಮಶೀನಿಗೆ ಕೊಟ್ಬಿಟ್ಟೆ. ಈಗ ಅದರ ಹತ್ರ ಇದೆ, ನನ್ನ ಹತ್ರ ಇಲ್ಲ!"

"ಇಲ್ಲ ಖಾಸಿಮಣ್ಣ, ಅದು ಹಾಗೇನೇ. ಕಾಣಲ್ಲ, ಆದರೆ ಬರೀತಾ ಇರುತ್ತೆ. ಏನಿತ್ತು ಪಾಸ್‌ವರ್ಡು?"

"ಅದೇ ನೆನಪಿಲ್ಲ ಅಂತಿದೀನಲ್ಲ!"

ಹೆದರಿ ನಿಜವಾಗಿಯೂ ಮರೆತಿದ್ದರು. ಹೊಸದು ಇಡಬೇಕಾಯಿತು. ಅದನ್ನು ಅವರು ಅಳತೆ ಪುಸ್ತಕದಲ್ಲಿ, ಯಾರದೋ ಸೊಂಟದಳತೆಯ ಪಕ್ಕ ಬರೆದಿಟ್ಟುಕೊಂಡರು.

ಎರಡು ವಾರ ಕಳೆದರೂ ಒಂದು ವಿಚಿತ್ರ ನನಗೆ ಅರ್ಥವಾಗಲಿಲ್ಲ. ಸಂಜೆ ಬಾಗಿಲು ಹಾಕುವ ಹೊತ್ತಿಗೆ ಪ್ರತಿ ಮಶೀನಿನ ಪರದೆಯಲ್ಲೂ ಮೂವತ್ತು ನಲವತ್ತು ಕಿಟಕಿಗಳು ತೆರೆದೇ ಇರುತ್ತಿದ್ದವು, ಒಂದರ ಮೇಲೊಂದು ದೋಸೆ ಪೇರಿಸಿದ ಹಾಗೆ. ಎಲ್ಲರಿಗೂ ತೆರೆಯಲು ಬರುತ್ತಿತ್ತು. ಒಬ್ಬರಿಗೂ ಮುಚ್ಚಲು ಬರುತ್ತಿರಲಿಲ್ಲ. ಕಾಗದ ಬರೆಯಲು ಶುರು ಮಾಡುತ್ತಿದ್ದರು, ಉಳಿಸುತ್ತಿರಲಿಲ್ಲ. ಇವರು ಇಷ್ಟು ದಡ್ಡರೇ ಎಂದು ಸ್ಟೂಲಿನ ಮೇಲೆ ಕೂತು ಬೇಸರಪಡುತ್ತಿದ್ದೆ.

ಹದಿನೇಳನೇ ದಿನ ಬೆಳಿಗ್ಗೆ ದ್ಯಾವಕ್ಕ ನಮ್ಮ ಮನೆಗೇ ಬಂದಳು. ಕೈಯಲ್ಲಿ ಆರು ಇಡ್ಲಿ. ಮುಖ ಕಳ್ಳಿಯದು.

"ಕಾತೀ, ತಪ್ಪಾಯ್ತು ಕಣವ್ವ. ನಾನು ಪೂರ್ತಿ ಓದ್ಬಿಟ್ಟೆ."

"ಏನನ್ನ?"

"ಆ ಸಹಾಯದ್ ಪುಟಾನ. ಕೊನೇವರ್ಗೂ. ಒಂದ್ ಸಾಲು ಓದಿ ಬಿಡಬೇಕು ಅಂತ್ಲೇ ಕೂತಿದ್ದೆ, ತಡ್ಕೊಳ್ಳೋಕಾಗ್ಲಿಲ್ಲ. ಮುಂದ್ಲೋರ್ಗೆ ಏನೂ ಉಳಿಸ್ಲಿಲ್ಲ. ಯಾರಿಗೂ ಹೇಳ್ಬೇಡ."

ಆಗ ತಿಳಿಯಿತು. ಇವರೆಲ್ಲ ದಿನವೂ ಪ್ರತಿ ಪುಟದ ಮೊದಲ ಸಾಲನ್ನಷ್ಟೇ ಓದಿ, ಉಳಿದದ್ದನ್ನು ಬೇರೆಯವರಿಗಿರಲಿ ಎಂದು ಮರ್ಯಾದೆಗೆ ಬಿಟ್ಟು ಏಳುತ್ತಿದ್ದರು. ಮದುವೆ ಮನೆಯಲ್ಲಿ ಕೊನೆಯ ಬಜ್ಜಿಯನ್ನು ಯಾರೂ ಮುಟ್ಟದ ಹಾಗೆ. ತೆರೆಯುವುದು ಎಲ್ಲ ಪುಟಗಳ ಮೊದಲ ಸಾಲಿನಲ್ಲಿತ್ತು. ಮುಚ್ಚುವುದು ಕೊನೆಯಲ್ಲಿತ್ತು.

ನಾವಿಬ್ಬರೂ ಲೈಬ್ರರಿಗೆ ಓಡಿದೆವು. ಅವಳ ಮಶೀನು ಹಾಕಿ, ಅವಳು ಖಾಲಿ ಮಾಡಿದ ಪುಟವನ್ನು ತೆರೆದೆ. ಅಕ್ಷರಗಳೆಲ್ಲ ಇದ್ದಲ್ಲೇ ಇದ್ದವು. ದ್ಯಾವಕ್ಕ ಪರದೆಯನ್ನು ಸೆರಗಿನಿಂದ ಒರೆಸಿ ಮತ್ತೆ ನೋಡಿದಳು. "ಮುಚ್ಚೋದು ಹೇಳು" ಎಂದೆ. ಹೇಳಲಿಲ್ಲ, ಜಾಣೆ, ಮಾಡಿ ತೋರಿಸಿದಳು. ನಲವತ್ತು ಕಿಟಕಿಗಳು ಒಂದೊಂದಾಗಿ ಮುಚ್ಚಿದವು. ಅವಳಿಗೂ ಬಂದಿತ್ತು, ಪುಟದಲ್ಲೂ ಉಳಿದಿತ್ತು. "ಥೂ, ನಾಚ್ಕೆಗೆಟ್ಟ ಪುಟ" ಎಂದು ನಕ್ಕಳು. "ಎಷ್ಟ್ ತಿಂದ್ರೂ ಮುಗಿಯಲ್ವಲ್ಲೇ!"

ಆಮೇಲೆ ಊರಿಗೆ ಹುಚ್ಚು ಹಿಡಿಯಿತು. ನಮ್ಮವರು ಜೀವಮಾನದಲ್ಲಿ ಮೊದಲ ಸಲ ಹೊಟ್ಟೆ ತುಂಬ ಓದಿದರು. ಒಂದೇ ಪುಟದಿಂದ ಇಬ್ಬರು ಒಂದೇ ಕೆಲಸ ಕಲಿಯಬಹುದು ಎಂಬುದು ಅವರಿಗೆ ಹೊಸದು. ಖಾಸಿಮಣ್ಣನೂ ದ್ಯಾವಕ್ಕನೂ ಅಕ್ಕಪಕ್ಕ ಕೂತು ಒಂದೇ ಫೋಲ್ಡರನ್ನು ತೆರೆದು, ಒಬ್ಬರನ್ನೊಬ್ಬರು ನೋಡಿ, ಮುಚ್ಚಿ, ಮತ್ತೆ ತೆರೆಯುತ್ತಿದ್ದರು. ಮೂವತ್ತನೇ ದಿನಕ್ಕೆ ಒಂಬತ್ತು ಕುರ್ಚಿಗಳಿಗೆ ಒಂಬತ್ತು ಜನ ಸಿದ್ಧರಾದರು. ನನ್ನ ಗಂಟಿನಿಂದ ಹೋದದ್ದು ಆ ನಕಲು ಮಾಡುವುದೊಂದೇ. ಅದನ್ನು ನಾನೂ ಪುಟ ನೋಡಿ ಮತ್ತೆ ಕಲಿಯಬಹುದಿತ್ತು. ಕಲಿಯಲಿಲ್ಲ. ಕರೆದಾಗ ಖಾಸಿಮಣ್ಣ ಬರುವ ಠೀವಿ ನೋಡಲು ಚೆನ್ನಾಗಿರುತ್ತದೆ.

ಹತ್ತನೆಯ ಕುರ್ಚಿ ಖಾಲಿಯಿತ್ತು. ನೀಲಗಂಗಮ್ಮ ಅದರ ಹತ್ತಿರ ಸುಳಿಯುತ್ತಿರಲಿಲ್ಲ. ಕಪಾಟು ಒರೆಸುತ್ತಿದ್ದರು,‍ ಒರೆಸಿದ್ದನ್ನೇ ಒರೆಸುತ್ತಿದ್ದರು. ಮುಗಿಯದ ಪುಟ ಇದ್ದರೇನು, ಓದು ಬೇಕಲ್ಲ. ಅವರ ಓದು ನನ್ನ ಬಳಿ ಇತ್ತು. ಗಡುವಿಗೆ ಒಂಬತ್ತು ದಿನ ಉಳಿದಾಗ ನಾನೇ ಮಾತು ತೆಗೆದೆ.

"ನೀಲಮ್ಮ, ಬೇಕಾದರೆ ಓದು ವಾಪಸ್ ಕೊಡ್ತೀನಿ."

ಬೇಡ ಎನ್ನಲಿ ಎಂದೇ ಕಾಯುತ್ತಿದ್ದೆ.

"ಬೆನ್ನಿಗೆ ಗುದ್ತೀನಿ ನೋಡು" ಎಂದರು. "ಕೊಟ್ಟಿದ್ದನ್ನ ವಾಪಸ್ ಇಸ್ಕೊಳ್ಳೋಳಲ್ಲ ನಾನು. ಶಾಮಿಯಾನ ಬರ್ಲಿ ಬಿಡು. ಅದರ ಕೆಳಗೇ ಕೂತ್ಕೋತೀನಿ."

ಲಿನಕ್ಸಿನಲ್ಲಿ ಇನ್ನೊಂದು ಸೌಕರ್ಯವಿದೆ. ಕಣ್ಣು ಕಾಣದವರಿಗೆಂದು ಮಾಡಿದ್ದು. ಒತ್ತಿದ ಅಕ್ಷರವನ್ನೂ ಪರದೆಯ ಮೇಲಿನ ಬರಹವನ್ನೂ ಅದು ಗಟ್ಟಿಯಾಗಿ ಓದಿ ಹೇಳುತ್ತದೆ. ಹತ್ತನೆಯ ಮಶೀನಿನಲ್ಲಿ ಅದನ್ನು ಹಾಕಿಕೊಟ್ಟೆ. ಮೂಗು ಕಟ್ಟಿದ ಗಂಡಸಿನ ದನಿಯೊಂದು ಸಹಾಯ ಪುಟವನ್ನು ಓದತೊಡಗಿತು.

"ಇವನಿಗೆ ನೆಗಡಿಯಾ?" ಎಂದು ಕೇಳಿದರು ನೀಲಗಂಗಮ್ಮ. ಆದರೆ ಒರೆಸುವ ಬಟ್ಟೆ ಕೈಯಿಂದ ಇಳಿಯಿತು. ಕುರ್ಚಿಯ ತುದಿಯಲ್ಲಿ ಕೂತರು. ಒಂದು ಗಂಟೆ ಕೇಳಿದರು. ಕೊನೆಗೆ, "ಪರವಾಗಿಲ್ಲ ಕಣೇ ಇವನು. ಏನನ್ನೂ ಬಿಡಲ್ಲ. ಪೂರ್ಣವಿರಾಮಾನೂ ಓದ್ತಾನೆ" ಎಂದರು.

ಕೇಳುವುದಾಯಿತು; ಬರೆಯಬೇಕಲ್ಲ. ಅಕ್ಷರ ಗುರುತಿಸದವರು ಕೀಲಿಗಳ ಮೇಲಿನ ಅಕ್ಷರವನ್ನು ಹುಡುಕುವುದು ಹೇಗೆ? ಬೆರಳಿಗೆ ಜಾಗ ಗೊತ್ತಿದ್ದರೆ ಕಣ್ಣಿನ ಹಂಗಿಲ್ಲ. ಅಂದರೆ ನನ್ನ ಬೆರಳು ಬೇಕಿತ್ತು. ಅದು ಯಾವ ಸಹಾಯ ಪುಟದಲ್ಲೂ ಇಲ್ಲ, ಕೈಯಿಂದ ಕೈಗೇ ಹೋಗಬೇಕು. ಕೊಟ್ಟರೆ ಮತ್ತೆ ಓದಿ ಪಡೆಯುವಂಥದ್ದಲ್ಲ. ಹಾಸ್ಟೆಲಿನಲ್ಲಿ ಎಲ್ಲರೂ ಸಿನಿಮಾಕ್ಕೆ ಹೋದ ಮೂರು ವರ್ಷದ ಭಾನುವಾರಗಳು ಆ ಎಂಟು ಬೆರಳಲ್ಲಿದ್ದವು.

ಮೂರು ದಿನ ತಲೆ ತಪ್ಪಿಸಿಕೊಂಡು ಓಡಾಡಿದೆ. ನಾಲ್ಕನೇ ದಿನ ಅಪ್ಪನನ್ನು ಕ್ಯಾರಿಯರ್ ಮೇಲೆ ಕೂರಿಸಿಕೊಂಡು ಹೋಗುವಾಗ ಕೇಳಿದೆ: "ಸೈಕಲ್ ಕೊಟ್ಟಾಗ ನಿಂಗೆ ಬೇಜಾರಾಗ್ಲಿಲ್ವಾ?"

"ಆಗ್ದೆ ಇರುತ್ತಾ? ನಾನು ಇಪ್ಪತ್ತು ವರ್ಷ ಓಡ್ಸಿದೀನಿ, ಒಂದ್ಸಲಾನೂ ಬಿದ್ದಿರ್ಲಿಲ್ಲ. ನೀನು ಮೊದಲ್ನೇ ವಾರ ಎರಡ್ಸಲ ಕೆರೆಗೆ ಬಿದ್ದೆ. ಅಷ್ಟೊಳ್ಳೆ ವಿದ್ಯೆ ಎಂಥಾ ಕೈಗೆ ಹೋಯ್ತು ಅಂತ ಹೊಟ್ಟೆ ಉರೀತು. ಬೆಲ್ ಹೊಡಿ, ಎಮ್ಮೆ ಬಂತು."

ಇದರಿಂದ ನನಗೆ ಯಾವ ಸಮಾಧಾನವೂ ಸಿಗಲಿಲ್ಲ. ಆದರೂ ಸೈಕಲನ್ನು ಲೈಬ್ರರಿಯ ಕಡೆಗೆ ತಿರುಗಿಸಿದೆ. ಅಪ್ಪ ಎಲ್ಲಿಗೆ ಹೋಗಬೇಕಿತ್ತೋ ಅಲ್ಲಿಗೆ ನಡೆದು ಹೋದ.

ದಿನಕ್ಕೆ ಎರಡು ಬೆರಳಿನಂತೆ ಕೊಟ್ಟೆ. ಮೊದಲು ಎರಡು ತೋರುಬೆರಳು. ಕೀಬೋರ್ಡಿನ ನಡುಸಾಲಿನಲ್ಲಿ ಎರಡು ಕೀಲಿಗಳ ಮೇಲೆ ಸಣ್ಣ ಗೀರು ಉಬ್ಬಿರುತ್ತದೆ. ಅವರ ಬೆರಳನ್ನು ಹಿಡಿದು ಅದರ ಮೇಲೆ ಇರಿಸಿದೆ. "ಅಕ್ಕಿಯಲ್ಲಿ ಕಲ್ಲು ಸಿಕ್ಕ ಹಾಗಿದೆ" ಎಂದರು. ಅಲ್ಲಿಂದ ಮೇಲೆ, ಕೆಳಗೆ, ಪಕ್ಕಕ್ಕೆ. ಒತ್ತಿದಾಗ ನೆಗಡಿಯವನು "ಕ" ಎನ್ನುತ್ತಿದ್ದ, "ರ" ಎನ್ನುತ್ತಿದ್ದ. ಕಾಣಲಿ ಎಂದು ಪರದೆಯ ಅಕ್ಷರವನ್ನು ಅಂಗೈಯಗಲ ದೊಡ್ಡದು ಮಾಡಿಟ್ಟಿದ್ದೆ; ಓದು ಬಾರದವರಿಗೆ ಅದೇಕೆ ಎಂದು ಯೋಚಿಸಲೇ ಇಲ್ಲ. ಮೊದಲ ಸಂಜೆ ಮನೆಗೆ ಬಂದು ಟೈಪ್ ಮಾಡಲು ಕೂತರೆ ತೋರುಬೆರಳೆರಡೂ ಕೀಲಿಗಳ ಮೇಲೆ ಹೊಸ ಊರಿಗೆ ಬಂದ ನೆಂಟರ ಹಾಗೆ ನಿಂತವು. ಎರಡನೇ ದಿನ ನಡುಬೆರಳು, ಮೂರನೇ ದಿನ ಉಂಗುರದ ಬೆರಳು, ನಾಲ್ಕನೇ ದಿನ ಕಿರುಬೆರಳು. ಹೆಬ್ಬೆರಳಿಗೆ ಕೊಡುವಂಥ ವಿದ್ಯೆಯೇನೂ ಇರಲಿಲ್ಲ. ನೀಲಗಂಗಮ್ಮ ಪದ್ಧತಿಯಂತೆ ತೆಂಗಿನಕಾಯಿ, ಎಲೆ ಅಡಿಕೆ ಒಪ್ಪಿಸಿದರು. "ಕರೆದಾಗ ಬರ್ತೀನಿ" ಎಂದರು. ನಗು ತಡೆದುಕೊಂಡೇ ಹೇಳಿದರು.

ನಲವತ್ತನೇ ದಿನ ಓಂಕಾರಪ್ಪನವರು ಇಬ್ಬರು ಸದಸ್ಯರ ಜೊತೆ ಬಂದರು. ಹೊರಗೆ ಶಾಮಿಯಾನದ ಗಾಡಿ ಆಗಲೇ ನಿಂತಿತ್ತು. ಒಂಬತ್ತು ಜನ ಮಶೀನು ಹಾಕಿದರು, ತೆರೆದರು, ಬರೆದರು, ಉಳಿಸಿದರು, ಮುಚ್ಚಿದರು. ಖಾಸಿಮಣ್ಣ ಕೇಳದಿದ್ದರೂ ಒಂದು ಫೈಲನ್ನು ನಾಲ್ಕು ಕಡೆ ನಕಲು ಮಾಡಿ ತೋರಿಸಿದರು. ಅಧ್ಯಕ್ಷರು ಹತ್ತನೆಯ ಕುರ್ಚಿಯ ಮುಂದೆ ಬಂದು ನಿಂತರು.

"ನೀವೇನಮ್ಮ ಮಾಡ್ತೀರಿ? ಏನಾದ್ರೂ ಬರೀರಿ ನೋಡೋಣ."

ನೀಲಗಂಗಮ್ಮ ಕೀಬೋರ್ಡಿನ ಕಡೆ ನೋಡಲಿಲ್ಲ, ಪರದೆಯ ಕಡೆಯೂ ನೋಡಲಿಲ್ಲ. ಅಧ್ಯಕ್ಷರ ಮುಖವನ್ನೇ ನೆಟ್ಟಗೆ ನೋಡುತ್ತ ಬರೆದರು. ಬೆರಳುಗಳು ಓಡುವುದನ್ನು ನಾನು ಮೂಲೆಯಿಂದ ನೋಡಿದೆ. ನನ್ನ ಕೈಯಲ್ಲಿದ್ದಾಗ ಅವು ಅಷ್ಟು ಚೆನ್ನಾಗಿ ಓಡುತ್ತಿದ್ದವೋ ಇಲ್ಲವೋ ನನಗೆ ಗೊತ್ತಿಲ್ಲ. ನಾನು ಆಗ ಕಿಟಕಿಯಾಚೆ ನೋಡುತ್ತಿದ್ದೆ. ಬರೆದು ಮುಗಿಸಿ ಒಂದು ಕೀಲಿ ಒತ್ತಿದರು. ನೆಗಡಿಯ ದನಿ ಕೋಣೆಗೆಲ್ಲ ಕೇಳುವಂತೆ ಓದಿತು: "ಓಂಕಾರಪ್ಪನವರು ಆರು ವರ್ಷದ ಹಿಂದೆ ಒಯ್ದ ಕೋಳಿ ಸಾಕಣೆ ಪುಸ್ತಕದ ಎರಡನೇ ಪ್ರತಿಯನ್ನು ಇನ್ನೂ ತಂದುಕೊಟ್ಟಿಲ್ಲ ಪೂರ್ಣವಿರಾಮ."

ದ್ಯಾವಕ್ಕ ಸೆರಗನ್ನು ಬಾಯಿಗಿಟ್ಟುಕೊಂಡಳು.

"ಅದು ಖಾಲಿಯಾಗಿದೆ ಕಣಮ್ಮ" ಎಂದರು ಅಧ್ಯಕ್ಷರು, ದನಿ ಇಳಿಸಿ.

"ಖಾಲೀದೇ ತಂದ್ಕೊಡಿ."

ಶಾಮಿಯಾನದ ಗಾಡಿ ತಿರುಗಿ ಹೋಯಿತು. ಮಾರನೇ ದಿನ ಪುಸ್ತಕ ಬಂತು. ನಿಜಕ್ಕೂ ಖಾಲಿಯಾಗಿತ್ತು, ರೋಗಗಳ ಅಧ್ಯಾಯವೊಂದನ್ನು ಬಿಟ್ಟು. ಅವರ ಕೋಳಿಗಳು ಯಾಕೆ ಸಾಯುತ್ತವೆ ಎಂದು ಊರಿಗೆ ಆಗ ತಿಳಿಯಿತು.

ಕಥೆ ಇಲ್ಲಿಗೆ ಮುಗಿದಿದ್ದರೆ ನನಗೆ ಒಳ್ಳೆಯದಿತ್ತು. ಸಂಜೆ ಐದರ ಓದು ಎಂದಿನಂತೆ ನಡೆಯುತ್ತಿತ್ತು. ಆದರೆ ಈಗ ನೀಲಗಂಗಮ್ಮ ಕಣ್ಣು ಮುಚ್ಚುತ್ತಿರಲಿಲ್ಲ. ನನ್ನ ಹಿಂದೆ ನಿಂತು, ಭುಜದ ಮೇಲಿಂದ ಬಗ್ಗಿ ಕೇಳುತ್ತಿದ್ದರು. ಸೊಂಟ ನೋವೇನೋ ಅಂದುಕೊಂಡೆ. ಐದು ತಿಂಗಳು ಹೀಗೇ ಹೋಯಿತು. ಒಂದು ಸಂಜೆ ಕಾದಂಬರಿಯ ನಾಯಕ ನದೀತೀರದಲ್ಲಿ ಕೂತು ಬಾಲ್ಯವನ್ನು ನೆನೆಯತೊಡಗಿದ. ನಾನು ಎಂದಿನಂತೆ ಮೂರು ಹಾಳೆಗಳನ್ನು ಒಟ್ಟಿಗೆ ಮಗುಚಿದೆ.

"ಹಿಂದಕ್ಕೆ ಹೋಗು" ಎಂದರು.

"ಏನು ನೀಲಮ್ಮ?"

"ಹಿಂದಕ್ಕೆ ಹೋಗು. 'ಹೊಳೆಯ ನೀರು ತಣ್ಣಗಿತ್ತು' ಅಂತ ಇದೆ ನೋಡು. ಅಲ್ಲಿಂದ."

ನಾನು ತಿರುಗಿ ನೋಡಿದೆ. ಅವರ ತುಟಿ ಆಡುತ್ತಿತ್ತು, ಕಣ್ಣು ಸಾಲಿನ ಮೇಲೆ ಸರಿಯುತ್ತಿತ್ತು. ಕೀಲಿ ಒತ್ತಿದರೆ ದನಿ, ದನಿಯ ಜೊತೆ ಪರದೆಯ ಮೇಲೆ ಅಂಗೈಯಗಲದ ಅಕ್ಷರ. ದಿನವೂ ಅದನ್ನೇ ನೋಡಿ, ಕೇಳಿ, ಯಾರ ಬಳಿಯೂ ಇಸಿದುಕೊಳ್ಳದೆ ತಾವೇ ಕಂಡುಕೊಂಡಿದ್ದರು. ನನ್ನ ಓದು ನನ್ನಲ್ಲೇ ಇತ್ತು. ಅವರಿಗೂ ಬಂದಿತ್ತು.

"ಯಾವಾಗಿಂದ?" ಎಂದೆ.

"ಮೂರು ತಿಂಗಳಾಯ್ತು. ನೀನು ಇಲ್ದಾಗ ಹಳೇವನ್ನೆಲ್ಲ ಮತ್ತೆ ಓದ್ತಾ ಇದೀನಿ. ಕೇಳಿದ್ದು ನಂಗೆ ನೆನಪಿರುತ್ತೆ. ಕೇಳದೆ ಇದ್ದಿದ್ದು ಸಿಕ್ಕಿದ್ರೆ ಗುರ್ತು ಹಾಕ್ಕೋತೀನಿ." ಕುರ್ಚಿ ಎಳೆದುಕೊಂಡು ಹತ್ತನೆಯ ಮಶೀನಿನಲ್ಲಿ ಒಂದು ಫೈಲು ತೆರೆದರು. ಪುಸ್ತಕದ ಹೆಸರು, ಪಕ್ಕದಲ್ಲಿ ಪುಟಗಳ ಸಂಖ್ಯೆ, ಸಾಲಾಗಿ. ನನ್ನ ಎಂಟು ಬೆರಳುಗಳಿಂದ ಬರೆದದ್ದು, ಒಂದೂ ತಪ್ಪಿಲ್ಲ. "ಆ ದೊಡ್ಡಣ್ಣ ಎಲ್ಹೋದ ಅಂತ ಎಂಟು ವರ್ಷದಿಂದ ಯೋಚ್ನೆ ಮಾಡ್ತಿದ್ದೆ. ಸತ್ತೇ ಹೋಗಿದ್ನಲ್ಲೇ, ನೂರ ನಲವತ್ತನೇ ಪುಟದಲ್ಲಿ! ಊರಿಗೆ ಹೋಗಿದ್ದಾನೆ ಅಂತಿದ್ದೆ."

"ಈಗ ನಿಮಗೇ ಓದೋಕೆ ಬರುತ್ತಲ್ಲ, ನಾನ್ಯಾಕೆ ಇನ್ನು" ಎಂದೆ.

"ಬರುತ್ತೆ. ಅದು ನಾನು ಮಶೀನಿಂದ ಸಂಪಾದಿಸಿದ್ದು. ನಿಂಗೆ ಕೊಟ್ಟಿದ್ದು ಬೇರೆ, ಅದು ನಂದು. ನಾಳೆ ಐದಕ್ಕೆ ಬಾ. ಮೊದಲ್ನೇ ಪುಸ್ತಕದಿಂದ ಶುರು. ಹಾರಿಸಿದ್ದಷ್ಟೇ ಓದು, ಸಾಕು."

ಹೋಗುತ್ತಿದ್ದೇನೆ. ಬೆಟ್ಟಗಳು ಬಹಳ ಇವೆ. ನಾನು ಓದುವಾಗ ಅವರು ಪಕ್ಕದಲ್ಲಿ ಕೂತು ಮುಂದಿನ ಪುಸ್ತಕ ತಪಾಸಣೆ ಮಾಡುತ್ತಿರುತ್ತಾರೆ, ಪಟ್ಟಿ ಬೆಳೆಯುತ್ತಿರುತ್ತದೆ. ಈ ಕಥೆಯನ್ನೆಲ್ಲ ಟೈಪ್ ಮಾಡಿಕೊಟ್ಟದ್ದೂ ಅವರೇ, ಕರೆದೆ, ಬಂದರು. ನಾನು ಹೇಳಿದ್ದರಲ್ಲಿ ಏನನ್ನೂ ಹಾರಿಸಿಲ್ಲವಂತೆ. ನಮ್ಮಿಬ್ಬರ ಲೆಕ್ಕದಲ್ಲಿ ಇಂದಿನವರೆಗೆ ಹೋದದ್ದು ಇಷ್ಟು: ನನ್ನ ಕಡೆಯಿಂದ ಎಂಟು ಬೆರಳು, ಅವರ ಕಡೆಯಿಂದ ಮೂವತ್ತೊಂದು ಕಾದಂಬರಿಗಳಲ್ಲಿ ನಾನು ಹಾರಿಸಿದ ಸಾವಿರದ ಒಂಬೈನೂರ ನಾಲ್ಕು ಪುಟ.